ಕೊಂಬಿನ ಬಾಚಣಿಗೆ

ಬಸ್ಸಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿನ ಮುಂದೆಯೇ ಅಕ್ಕ ತಮ್ಮ ನಿಂತಿದ್ದರು. ತಮ್ಮನ ಬೆನ್ನ ಮೇಲೆ ಗಿಟಾರಿತ್ತು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ನೋಡಕ್ಕ, ಹೊಸ ಪಿಕ್. ಇದರಲ್ಲಿ ತಂತಿ ಮೀಟಿದ್ರೆ ನಾದ ಎಷ್ಟು ತುಂಬಿ ಬರುತ್ತೆ ಗೊತ್ತಾ?”

“ಅಂಗಡೀದಕ್ಕೆ ಏನಾಗಿತ್ತು?”

“ಅದು ಪ್ಲಾಸ್ಟಿಕ್ಕು. ತೆಳ್ಳಗಿರೋದು ಪಟಪಟ ಅನ್ನುತ್ತೆ, ದಪ್ಪದ್ದು ತಂತೀನ ಗುದ್ದುತ್ತೆ. ಇದು ಕೊಂಬು, ಸರಿಯಾಗಿ ಒಂದು ಮಿಲಿಮೀಟರ್.”

“ಕೊಂಬು ಎಲ್ಲಿ ಸಿಕ್ತು ನಿಂಗೆ?”

“ಅಮ್ಮನ ಬಾಚಣಿಗೆ ಕತ್ತರಿಸಿದೆ.”

ಪಿಕ್ ಮುಟ್ಟಲು ಚಾಚಿದ್ದ ಕೈಯನ್ನು ಅಕ್ಕ ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು.

“ಅಮ್ಮ ಹೋಗಿ ಇನ್ನೂ ತಿಂಗಳಾಗಿಲ್ಲ ಕಣೋ!”

“ಸುಮ್ನೆ ಬಿದ್ದಿತ್ತು. ಇನ್ಯಾರು ಬಳಸ್ತಾರೆ?”

“ಉಳಿದದ್ದೆಲ್ಲಿ?”

“ಕಸದ ಡಬ್ಬಿಗೆ ಹಾಕಿದೆ. ಹಲ್ಲಿನ ತುಂಬ ಕೂದಲು ಸಿಕ್ಕೊಂಡಿತ್ತು. ಥೂ, ಹೇಸಿಗೆ.”

“ಅಮ್ಮನ ಕೂದಲು ನಿಂಗೆ ಹೇಸಿಗೇನಾ?”

ಅವನು ಪಿಕ್ ಜೇಬಿಗೆ ಹಾಕಿಕೊಂಡ.

“ನಿನ್ನ ಮುಖ ನೋಡೋಕೂ ಅಸಹ್ಯ ಆಗ್ತಿದೆ. ಕಸದ ಗಾಡಿ ಬಂದು ಹೋಯ್ತಾ?”

“ಇನ್ನೂ ಇಲ್ಲ, ಹತ್ತು ಗಂಟೆಗೆ ಬರುತ್ತೆ... ಅಕ್ಕ, ಬಸ್ ಬಂತು!”

ಅಕ್ಕ ತಿರುಗಿಯೂ ನೋಡದೆ ಮನೆ ಕಡೆ ಓಡಿದಳು. ತಮ್ಮ ಒಬ್ಬನೇ ಬಸ್ ಹತ್ತಿದ. ಅವನ ಪಕ್ಕದ ಸೀಟು ಖಾಲಿಯಿದ್ದರೂ ದರ್ಜಿ ಹೆಂಗಸು ಕೊನೆಯವರೆಗೂ ನಿಂತುಕೊಂಡೇ ಹೋದಳು.