ಊಟದ ಹೊತ್ತಿನ ಫೋನು

ನಮ್ಮ ಮೇಡಂ ಅವರ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕೂತಿರುವ ಅವರ ಅಕ್ಕ-ಭಾವನವರಿಗೂ ನಮಸ್ಕಾರ. ನಾನು ಮೆದುಳಿನ ಸರ್ಜನ್. ಭಾಷಣ ಬರುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನನ್ನ ಬಾಯಿಂದ ಬರುವುದು ಬರೀ ಬೈಗುಳ — ನಗಬೇಡಿ, ಹಿಂದಿನ ಸಾಲಿನ ರೆಸಿಡೆಂಟ್ ಡಾಕ್ಟರುಗಳೇ, ತಿಂದವರು ನೀವೇ.

ನಮ್ಮ ಸ್ಪೀಚ್ ಥೆರಪಿಸ್ಟ್ ಅವರನ್ನು ನಾವು 'ವಾಚಾಳಿ ಮೇಡಂ' ಎನ್ನುತ್ತಿದ್ದೆವು. ಎದುರಿಗೇ ಎನ್ನುತ್ತಿದ್ದೆವು. ಮಾತಿನ ಕೇಂದ್ರದ ಹತ್ತಿರ ಗಡ್ಡೆ ಇದ್ದರೆ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತೇವೆ. ಪರದೆಯ ಈ ಕಡೆ ನಾನು. ಆ ಕಡೆ ಅವರು, ಹೀಗೆ — ಹೀಗೆ ಬಗ್ಗಿ ಕೂತು — ಚಿತ್ರದ ಕಾರ್ಡು ತೋರಿಸಿ ರೋಗಿಯನ್ನು ಮಾತಾಡಿಸುವರು. ಮಾತು ತಡವರಿಸಿತೋ, "ಸಾರ್, ಕೈ ತೆಗೀರಿ!" ನನ್ನನ್ನು ಗದರಿಸುವ ಧೈರ್ಯ ಇಡೀ ಆಸ್ಪತ್ರೆಯಲ್ಲಿ ಅವರೊಬ್ಬರಿಗೇ ಇತ್ತು.

ಅಂಥವರಿಗೇ ಗಡ್ಡೆ ಬಂತು. ಅದೂ ಅದೇ ಜಾಗದಲ್ಲಿ. ಸ್ಕ್ಯಾನ್ ನೋಡಿ, "ಪೂರ್ತಿ ತೆಗೀಬೇಡಿ ಸಾರ್. ಮಾತು ಹೋದ್ಮೇಲೆ ನಾನಿದ್ದು ಏನ್ ಮಾಡ್ಲಿ?" ಅಂದರು. ಜಗಳವಾಡಿದೆ. ಅವರು ಜಪ್ಪಯ್ಯ ಎನ್ನಲಿಲ್ಲ.

ಮೇಜಿನ ಮೇಲೆ ಮಲಗಿಸಿ ಕಾರ್ಡು ತೋರಿಸಿದೆವು. ನಾವೆಂಥ ದಡ್ಡರು ನೋಡಿ! ಕಾರ್ಡು ಮಾಡಿದವರೇ ಅವರು. ತೋರಿಸುವ ಮುಂಚೆಯೇ ಗಿಣಿಪಾಠ — "ಬೀಗ, ಏಣಿ, ಬಾತುಕೋಳಿ..." ಅದರಿಂದ ನನಗೇನು ತಿಳಿಯಬೇಕು? ಕೊನೆಗೆ ನಾನೇ ಮಾತಿಗೆ ಇಳಿಯಬೇಕಾಯಿತು. ಏನು ಕೇಳಲಿ? ತೋಚಲೇ ಇಲ್ಲ.

"ರಾತ್ರಿ ಯಾರ ಜೊತೆ ಊಟ ಮಾಡ್ತೀರಿ?" ಅಂದೆ.

"ಒಬ್ಳೇ ಸಾರ್, ರೇಡಿಯೋ ಹಾಕ್ಕೊಂಡು. ನೀವು?"

"ನಾನೂ ಒಬ್ನೇ. ರೇಡಿಯೋನೂ ಇಲ್ಲ."

"ಅಯ್ಯೋ, ಅದೂ ಒಂದು ಬಾಳಾ! ಮನೆಗೆ ಹೋದ್ಮೇಲೆ ದಿನಾ ಫೋನ್ ಮಾಡ್ತೀನಿ. ನೀವು ಹೂಂ ಅಂದ್ರೆ—"

ಅಷ್ಟರಲ್ಲಿ ನಾಲಿಗೆ ತೊಡರಿತು. ಕೈ ನಿಲ್ಲಿಸಿದೆ. ಒಂದಿಷ್ಟು ಗಡ್ಡೆ ಒಳಗೇ ಉಳಿಯಿತು. ಉಳಿದದ್ದು ಬೆಳೆಯಿತು.

ಹೇಳಿದಂತೆ ಫೋನ್ ಮಾಡಿದರು. ತೀರಿಕೊಳ್ಳುವ ಹಿಂದಿನ ದಿನದವರೆಗೂ, ನಾನು ತಟ್ಟೆ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ. ಬಸ್ಸಿನ ಜಗಳ, ವಾರ್ಡಿನ ಸುದ್ದಿ, ಅಕ್ಕನ ಮೇಲಿನ ಚಾಡಿ — ಕ್ಷಮಿಸಿ ಅಮ್ಮ, ಬಹಳ ಹೇಳುತ್ತಿದ್ದರು! ನಾನು ಹೂಂ ಅನ್ನುತ್ತಿದ್ದೆ. ಇನ್ನಷ್ಟು ತೆಗೆದಿದ್ದರೆ ಇವತ್ತು ಅವರು ಇರುತ್ತಿದ್ದರೇನೋ. ಮಾತಿಲ್ಲದೆ. ಅವರಿಗೆ ಅದು ಬೇಡವಾಗಿತ್ತು. ನನಗೆ — ನನಗೆ ಅವರು ಬೇಕಾಗಿದ್ದರು.

ದಯವಿಟ್ಟು ಎಲ್ಲರೂ ಏಳಿ. ಒಂದು ನಿಮಿಷ ಸುಮ್ಮನೆ ನಿಲ್ಲೋಣ. ಇಲ್ಲಿ ಒಂದು ನಿಮಿಷವೇ ಇರಲಿ. ಮಿಕ್ಕ ಮೌನ ನಮ್ಮ ಮನೆಯಲ್ಲಿ ಇದ್ದೇ ಇದೆ.