ಹಸಿರು ಬಣ್ಣದ ಕೆಳಗಿನ ದೋಣಿ

ಅಮೆರಿಕದ ಮೈನ್ ರಾಜ್ಯದ ಹೊಳೆದಂಡೆಯ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ದುಡ್ಡು ಕೊಡುವ ಸಾಲಿನಲ್ಲಿ ಥೆಲ್ಮಾಳ ಮುಂದೆ ಅಣ್ಣ-ತಂಗಿ ನಿಂತಿದ್ದರು. ಅಣ್ಣ ಹಿತ್ತಾಳೆ ಮೊಳೆ ಹಿಡಿದಿದ್ದ.

“ನೀನು ಕೊಂಡ್ಕೊಂಡ ಆ ಹಳೇ ದೋಣಿ ಯಾರದ್ದು ಅಂತ ಗೊತ್ತಾಯ್ತಾ, ಅಣ್ಣ?”

“ಹಸಿರು ಬಣ್ಣ ಕೆರೆದೆ ಕಣೆ. ಒಳಗಿನ ಪಕ್ಕೆಪಟ್ಟಿಯೆಲ್ಲ ದೇವದಾರು, ಒಂದು ಮಾತ್ರ ಬೇರೆ ಮರ. ಅದು ಅಪ್ಪ ಹಾಕಿದ್ದು, ದೋಣಿ ಅಪ್ಪಂದೇ.”

“ಹೆಂಗ್ ಹೇಳ್ತೀಯಾ?”

“ಅಷ್ಟು ಸೊಟ್ಟಗೆ ಮೊಳೆ ಹೊಡೆಯೋರು ಇನ್ಯಾರು!”

ತಂಗಿ ನಗಲಿಲ್ಲ. “ಅಪ್ಪ ಮುಳುಗಿದ ದಿನ ದೋಣಿ ಬಂಡೆಗೆ ಬಡಿದು ಪುಡಿಯಾಯ್ತು ಅಂದಿದ್ನಲ್ಲ ಮೆರ್ಟನ್ ಮಾಮ?”

“ಒಂದು ಬಿರುಕೂ ಇಲ್ಲ. ಅವನ ಕೊಟ್ಟಿಗೇಲೇ ಇತ್ತು. ಅವನು ಊರಲ್ಲಿಲ್ದಾಗ ಅವನ ಹೆಂಡ್ತಿ, ನಮ್ಮತ್ತೆ, ನಂಗೆ ಮಾರಿದ್ಲು.”

“ದೋಣಿ ನಿನ್ ಹತ್ರ ಇದೆ ಅಂತ ಅವನಿಗೆ ಗೊತ್ತಾಯ್ತಾ?”

“ಬೆಳಿಗ್ಗೆ ಫೋನ್ ಮಾಡಿದ್ದ. ಸಂಜೆ ಬರ್ತೀನಿ, ಒಬ್ಬನೇ ಇರು ಅಂದ.”

ಥೆಲ್ಮಾ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಹತ್ತಿರ ಸರಿದಳು. ತಂಗಿ ಗೋಡೆಯಿಂದ ದೊಡ್ಡ ಬೀಗವೊಂದನ್ನು ತೆಗೆದು ಅಣ್ಣ ಕೌಂಟರ್ ಮೇಲಿಟ್ಟ ಮೊಳೆಗಳ ಪಕ್ಕ ಇಟ್ಟು ದುಡ್ಡು ಕೊಟ್ಟಳು. ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿ, ಇಬ್ಬರೂ ಹೊರಟುಹೋದರು.