ಎಳನೀರಿನ ಉಪಚಾರ

ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಪಕ್ಕ ಇಬ್ಬರು ವಾರಗಿತ್ತಿಯರು ಬಂದು ಕೂತರು. ಕಿರಿಯವಳು ತಲೆ ಹಿಡಿದುಕೊಂಡಿದ್ದಳು.

“ಬೆಳಗ್ಗೆ ವಾಂತಿ ಮಾಡ್ದೆ ಅಂತ ಅತ್ತೆ ನಿಂಗೆ ದಿನಾ ಎಳನೀರು ಕೊಟ್ರು ಕಣೇ. ಮಕ್ಕಳಾಗ್ಲಿಲ್ಲ ಅಂತ ನಂಗೆ ಒಂದು ಲೋಟ ಮಜ್ಜಿಗೇನೂ ಕೊಡ್ಲಿಲ್ಲ,” ಅಂದಳು ಹಿರಿಯವಳು.

“ನಾನೂ ಬಸುರಿ ಅಂತ್ಲೇ ಅಂದ್ಕಂಡಿದ್ದೆ, ಅಕ್ಕಯ್ಯ.”

“ಡಾಕ್ಟ್ರು ಹೇಳಿದ್ದು ಕೇಳಿಸ್ಕಂಡ್ಯಾ? ತಲೆಬುರುಡೆ ಕರಟ ಇದ್ದಂಗೆ, ಹಿಗ್ಗಲ್ಲ. ಒಳಗೆ ನೀರು ಹೆಚ್ಚಾಗಿ ಮೆದುಳನ್ನ ಅಮುಕ್ತಾ ಐತೆ. ಅದಕ್ಕೇ ವಾಂತಿ, ಅದಕ್ಕೇ ಒಂದು ಎರಡಾಗಿ ಕಾಣೋದು. ಇವತ್ತೇ ಬೆಂಗಳೂರಿಗೆ ಹೋಗ್ಬೇಕು.”

“ಬ್ಯಾಡ, ಊರಿಗೇ ಹೋಗಾನ. ಬಸುರಲ್ಲ ಅಂತ ಗೊತ್ತಾದ್ರೆ ಅತ್ತೆ ನನ್ನನ್ನೂ ನಿಮ್ಮಂಗೇ ನೋಡ್ತಾರೆ.”

ಹಿರಿಯವಳು ಚೀಲ ಹೆಗಲಿಗೇರಿಸಿ ಎದ್ದಳು. ಬೆಂಗಳೂರಿನ ರೈಲು ಬಂತು.

“ನೋಡ್ಲಿ ಬುಡು. ನನ್ನಂಗೆ ಬದುಕಿಯಾದ್ರೂ ಇರ್ತೀಯ. ಏಳು,” ಎಂದು ಅವಳ ರಟ್ಟೆ ಹಿಡಿದು ಹತ್ತಿಸಿದಳು.